ಬೋಟಿನಲ್ಲಿದ್ದವರು

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕಟ್ಟಡದ ಎರಡನೆಯ ಮಹಡಿಯ ಮಾಮ ತೀರಿಕೊಂಡಾಗ ಪತ್ರಿಕೆಯಲ್ಲಿ ಬಂದದ್ದು ನಾಲ್ಕೇ ಸಾಲು. ಹೆಸರು, ಅಂಕೋಲೆಯ ಕಡೆಯ ಊರು, ಮಕ್ಕಳು ಮೊಮ್ಮಕ್ಕಳು, ಕೊನೆಗೆ ‘ಹಿಂದೆ ನೇವಿಯಲ್ಲಿದ್ದರು’. ಸಾವಿನ ಮನೆಗೆ ಬಂದವರಲ್ಲಿ ಒಬ್ಬರು ‘ಬೋಟಿನಲ್ಲಿದ್ದರಂತೆ’ ಎಂದದ್ದಕ್ಕೆ ಊರಿನಿಂದ ಬಂದ ನೆಂಟರು, ‘ಟ್ರಾಲ್ ಬೋಟೋ, ಪರ್ಸೀನ್ ಬೋಟೋ?’ ಎಂದು ಕೇಳಿದರು. ಕರಾವಳಿಯವರಿಗೆ ಬೋಟು ಎಂದರೆ ಮೀನಿನ ಬೋಟೇ. ಜಲಾಂತರ್ಗಾಮಿಯವರೂ ತಮ್ಮ ನೌಕೆಯನ್ನು ಹಡಗು ಎನ್ನುವುದಿಲ್ಲ, ಬೋಟು ಎನ್ನುತ್ತಾರೆ. ಆ ಗೊಂದಲವನ್ನು ಅಲ್ಲಿ ಯಾರೂ ಬಿಡಿಸಲಿಲ್ಲ. ಬಿಡಿಸಲು ಬೇಕಾದಷ್ಟು ವಿಷಯ ಮನೆಯವರಿಗೇ ಗೊತ್ತಿರಲಿಲ್ಲ.

ಒಂದು ಇಡೀ ಪೀಳಿಗೆಯ ಕೆಲಸ ಅವರವರ ಮನೆಯಲ್ಲೇ ಹೀಗೆ ಅಪರಿಚಿತವಾಗಿ ಉಳಿದದ್ದಕ್ಕೆ ಕಾರಣಗಳಿವೆ. ಕಥೆ ಶುರುವಾಗುವುದು ಅರವತ್ತರ ದಶಕದಲ್ಲಿ. ನಮ್ಮ ಅಧಿಕಾರಿಗಳು ಮೊದಲು ಬ್ರಿಟನ್ನಿನಲ್ಲಿ ತರಬೇತಿ ಪಡೆದರು. ಅಲ್ಲಿಂದ ಬೋಟು ಪಡೆಯುವ ಮಾತುಕತೆ ಫಲಿಸಲಿಲ್ಲ. 1965ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಒಪ್ಪಂದವಾಯಿತು. 1967ರ ಡಿಸೆಂಬರ್ 8ರಂದು ರೀಗಾ ಬಂದರಿನಲ್ಲಿ ಕಮಾಂಡರ್ ಕೆ. ಎಸ್. ಸುಬ್ರಮಣಿಯನ್ ನೇತೃತ್ವದಲ್ಲಿ ನಮ್ಮ ಮೊದಲ ಜಲಾಂತರ್ಗಾಮಿ ‘ಕಲ್ವರಿ’ ಸೇವೆಗೆ ಸೇರಿತು. ಆ ದಿನವನ್ನೇ ಈಗ ಜಲಾಂತರ್ಗಾಮಿ ದಿನವೆಂದು ಆಚರಿಸುತ್ತಾರೆ. ಸೂಯೆಜ್ ಕಾಲುವೆ ಮುಚ್ಚಿದ್ದರಿಂದ ಕಲ್ವರಿ ಆಫ್ರಿಕಾವನ್ನೇ ಬಳಸಿಕೊಂಡು ಬಂದು, 1968ರ ಜುಲೈನಲ್ಲಿ ವಿಶಾಖಪಟ್ಟಣ ಸೇರಿತು. ಹಿಂದೆಯೇ ಖಂಡೇರಿ, ಕರಂಜ್, ಕುರ್ಸುರಾ ಬಂದವು. ಎಪ್ಪತ್ತರ ದಶಕದಲ್ಲಿ ವೇಲಾ, ವಾಗೀರ್, ವಾಗ್ಲಿ, ವಾಗ್ಶೀರ್. ಒಟ್ಟು ಎಂಟು.

ಸುಮಾರು 91 ಮೀಟರ್ ಉದ್ದದ ಆ ಉಕ್ಕಿನ ಕೊಳವೆಯಲ್ಲಿ ಎಪ್ಪತ್ತೈದರಷ್ಟು ಜನ. ಸ್ನಾನಕ್ಕೆ ನೀರಿಲ್ಲ. ಒಬ್ಬ ಪಾಳಿಗೆ ಎದ್ದು ಹೋದ ಹಾಸಿಗೆಯಲ್ಲಿ ಇನ್ನೊಬ್ಬ ಮಲಗಬೇಕು. ನೀರಡಿಯಲ್ಲಿ ಬ್ಯಾಟರಿಯ ಮೇಲೆ ಓಡುವ ಬೋಟು, ಬ್ಯಾಟರಿ ತುಂಬಿಸಲು ಆಗಾಗ ಗಾಳಿಕೊಳವೆಯನ್ನು ಮೇಲೆತ್ತಿ ಡೀಸೆಲ್ ಎಂಜಿನ್ ಓಡಿಸುತ್ತದೆ. ಆ ವಾಸನೆ ಬಟ್ಟೆಗೆ, ಕೂದಲಿಗೆ, ಡಬ್ಬಿಯ ಅನ್ನಕ್ಕೂ ಹತ್ತುತ್ತದೆ. ಮಾಮ ರಜೆಗೆ ಬಂದರೆ ಮಾಮಿ ಅವರ ಚೀಲವನ್ನು ಒಂದು ವಾರ ಒಳಗೆ ತರಲು ಬಿಡುತ್ತಿರಲಿಲ್ಲವಂತೆ. ಅವರ ನೌಕಾಜೀವನದ ಬಗ್ಗೆ ಮಾಮಿಗೆ ಖಚಿತವಾಗಿ ಗೊತ್ತಿದ್ದದ್ದು ಆ ವಾಸನೆ ಒಂದೇ.

ಬೋಟಿನ ಪ್ರತಿಯೊಂದು ಕೊಳವೆ, ಪ್ರತಿಯೊಂದು ವಾಲ್ವ್ ಎಲ್ಲಿದೆ ಎಂದು ಕತ್ತಲಲ್ಲೂ ಕೈಯಿಟ್ಟು ತೋರಿಸುವಷ್ಟು ಕಲಿತ ಮೇಲೆ ಎದೆಗೆ ಡಾಲ್ಫಿನ್ ಬಿಲ್ಲೆ ಸಿಗುತ್ತದೆ. ಅಡುಗೆಯವನಿಗೂ ಈ ಪರೀಕ್ಷೆ ತಪ್ಪಿದ್ದಲ್ಲ, ಏಕೆಂದರೆ ಒಬ್ಬನ ಮರೆವು ಎಪ್ಪತ್ತೈದು ಜನರನ್ನೂ ಮುಳುಗಿಸಬಲ್ಲದು. ಬೋಟಿನಲ್ಲಿ ಬರಹವೆಲ್ಲ ರಷ್ಯನ್ ಲಿಪಿಯಲ್ಲಿ. ಕನ್ನಡ ಶಾಲೆಯಲ್ಲಿ ಓದಿ ಹೋದ ಹುಡುಗರು ಇಂಗ್ಲಿಷನ್ನೇ ತಡವರಿಸುತ್ತಿದ್ದಾಗ ರಷ್ಯನ್ ಕಲಿತರು. ಮಾಮಿಯ ಸಾರು ರುಚಿಯಾದ ದಿನ ಮಾಮ ‘ಖರಷೋ’ ಎನ್ನುತ್ತಿದ್ದರು. ಅದು ಯಾವುದೋ ಮರಾಠಿ ಪದವಿರಬೇಕೆಂದು ನಾನು ಬಹಳ ಕಾಲ ತಿಳಿದಿದ್ದೆ.

ಕೇಳಿಸದಂತೆ ಹೋಗಿ ಕೇಳಿಸದಂತೆ ಬರುವುದೇ ಕೆಲಸವಾದವರು ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಎಲ್ಲಿಗೆ ಹೋಗಿದ್ದೆವು, ಎಷ್ಟು ದಿನ, ಏನು ಕಂಡೆವು ಎಂಬುದೆಲ್ಲ ಗುಟ್ಟು. 1971ರ ಯುದ್ಧವೂ ಈ ಮೌನವನ್ನು ಮುರಿಯಲಿಲ್ಲ. ಕರಂಜ್ ಮತ್ತು ಕುರ್ಸುರಾ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿದವು. ಕರಂಜ್‌ನ ನಾಯಕ ವಿ. ಎಸ್. ಶೇಖಾವತ್ ಅವರಿಗೆ ವೀರಚಕ್ರ ಬಂತು, ಮುಂದೆ ಅವರೇ ನೌಕಾಪಡೆಯ ಮುಖ್ಯಸ್ಥರಾದರು. ಆದರೆ ನಮ್ಮ ಬೋಟುಗಳು ಯಾವ ಹಡಗನ್ನೂ ಮುಳುಗಿಸಲಿಲ್ಲ. ಮೆರವಣಿಗೆ ಸಂದದ್ದು ಕರಾಚಿಗೆ ಬೆಂಕಿಯಿಟ್ಟ ಕ್ಷಿಪಣಿ ನೌಕೆಗಳಿಗೆ. ಡಿಸೆಂಬರ್ 4ರ ನೌಕಾಪಡೆ ದಿನ ಅವುಗಳ ನೆನಪಿನದು. ಡಿಸೆಂಬರ್ 9ರಂದು ನಮ್ಮ ಯುದ್ಧನೌಕೆ ‘ಖುಕ್ರಿ’ಯನ್ನು ಮುಳುಗಿಸಿದ್ದು ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’. ಅಲ್ಲಿ 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಹೀಗೆ ಆ ಯುದ್ಧದ ಕಥೆಯಲ್ಲಿ ಜಲಾಂತರ್ಗಾಮಿ ಎಂದರೆ ಶತ್ರುವಿನದು ಎಂದೇ ಜನರ ತಲೆಯಲ್ಲಿ ಕುಳಿತಿತು.

ಮುಂಬಯಿ ಈ ಕಥೆಯೊಳಗೆ ಬರುವುದು ತಡವಾಗಿ. ಜರ್ಮನ್ ವಿನ್ಯಾಸದ ಜಲಾಂತರ್ಗಾಮಿ ಶಲ್ಕಿಯನ್ನು ಮಜಗಾಂವ್ ಡಾಕ್‌ನಲ್ಲಿ ಕಟ್ಟಿ 1992ರಲ್ಲಿ ಸೇವೆಗಿಳಿಸಿದರು, 1994ರಲ್ಲಿ ಶಂಕುಲ್. ಆ ಖರೀದಿಯಲ್ಲಿ ದಲ್ಲಾಳಿ ಹಣದ ಆರೋಪವೆದ್ದು ಯೋಜನೆ ಅಲ್ಲಿಗೇ ನಿಂತಿತು. ಅದೇ ಡಾಕ್‌ನಿಂದ ಮುಂದಿನ ಜಲಾಂತರ್ಗಾಮಿ ಸೇವೆಗೆ ಸೇರಿದ್ದು 2017ರಲ್ಲಿ. ಆ 23 ವರ್ಷಗಳಲ್ಲಿ ಬೆಸುಗೆ ಬಲ್ಲ ಕೈಗಳೆಲ್ಲ ನಿವೃತ್ತವಾದವು. ಅಂಥ ಕೆಲಸಗಾರರಲ್ಲೂ ನಮ್ಮ ಕರಾವಳಿಯವರಿದ್ದರು. ಅವರನ್ನು ನೆನೆಯುವವರಂತೂ ಇಲ್ಲವೇ ಇಲ್ಲ.

ಈ ನಗರಕ್ಕೆ ಜಲಾಂತರ್ಗಾಮಿಯವರ ಮುಖ ಮೊದಲು ಕಂಡದ್ದು ಅವರು ಸತ್ತಾಗ. 2013ರ ಆಗಸ್ಟ್ 14, ಮರುದಿನ ಸ್ವಾತಂತ್ರ್ಯೋತ್ಸವ. ನಡುರಾತ್ರಿ ಕಳೆದ ಹೊತ್ತಿಗೆ ನೌಕಾ ಡಾಕ್‌ಯಾರ್ಡ್‌ನಲ್ಲಿ ನಿಂತಿದ್ದ ‘ಸಿಂಧುರಕ್ಷಕ್’ ಒಳಗಿನ ಸಿಡಿತಲೆಗಳು ಸ್ಫೋಟಿಸಿ ಅದು ನಿಂತಲ್ಲೇ ಮುಳುಗಿತು. ಒಳಗಿದ್ದ 18 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಸಿಕ್ಕ ದೇಹಗಳ ಗುರುತಿಗೆ ಡಿಎನ್‌ಎ ಪರೀಕ್ಷೆ ಬೇಕಾಯಿತು. ಆರು ತಿಂಗಳು ಕಳೆದು, 2014ರ ಫೆಬ್ರವರಿ 26ರಂದು ಮುಂಬಯಿ ಕಡಲಾಚೆ ‘ಸಿಂಧುರತ್ನ’ದಲ್ಲಿ ಹೊಗೆ ತುಂಬಿತು. ಲೆಫ್ಟಿನೆಂಟ್ ಕಮಾಂಡರ್ ಕಪೀಶ್ ಮುವಾಲ್, ಲೆಫ್ಟಿನೆಂಟ್ ಮನೋರಂಜನ್ ಕುಮಾರ್ ಹೊರಬರಲಿಲ್ಲ. ಇಬ್ಬರಿಗೂ ಮರಣೋತ್ತರ ಶೌರ್ಯಚಕ್ರ ಸಂದಿತು. ಹೊಣೆ ಹೊತ್ತು ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ. ಕೆ. ಜೋಷಿ ಅದೇ ದಿನ ರಾಜೀನಾಮೆ ಕೊಟ್ಟರು. ಆ ವಾರಗಳಲ್ಲಿ ಮಾಮ ಟಿವಿಯ ಮುಂದೆ ಕುಳಿತಿರುತ್ತಿದ್ದರು. ಏನು ಕೇಳಿದರೂ ‘ಹೊಗೆ ಬಂದರೆ ಓಡಲು ಜಾಗ ಎಲ್ಲಿದೆ ಮಾರಾಯ’ ಎನ್ನುವುದಷ್ಟೇ.

ದುರಂತದಲ್ಲಿ ಹೋದವರಿಗೆ ಹೂಗುಚ್ಛ, ಕಹಳೆ, ಶಿಲೆಯ ಮೇಲೆ ಹೆಸರು ಇವೆ, ಇರಲೇಬೇಕು. ಅಮೆರಿಕದವರು ಎರಡನೆಯ ಮಹಾಯುದ್ಧದಲ್ಲಿ ಕಳೆದುಕೊಂಡ 52 ಬೋಟುಗಳ ಜನರನ್ನು ಸತ್ತವರೆನ್ನದೆ ‘ಇನ್ನೂ ಗಸ್ತಿನಲ್ಲಿದ್ದಾರೆ’ ಎನ್ನುತ್ತಾರೆ, ಒಂದೊಂದು ಬೋಟಿನ ಹೆಸರಿಗೂ ಗಂಟೆ ಬಾರಿಸುತ್ತಾರೆ. ನನ್ನ ತಕರಾರು ಬೇರೆ. ಹದಿನೈದು ವರ್ಷ ನೀರಡಿಯಲ್ಲಿ ಕಳೆದು, ಮುಂದೆ ಲೋಕಲ್ ರೈಲಿನಲ್ಲಿ ನೇತಾಡುತ್ತ ಇನ್ನೊಂದು ನೌಕರಿ ಮಾಡಿ, ಸಕ್ಕರೆ ಕಾಯಿಲೆಯಿಂದ ಹಾಸಿಗೆಯಲ್ಲಿ ಸತ್ತವನಿಗೆ ಯಾವ ಗಂಟೆ?

ನೌಕಾಪಡೆ ಹೆಸರುಗಳನ್ನೇನೋ ಸಾಯಲು ಬಿಡುವುದಿಲ್ಲ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವಂತೆ ಹಳೆಯ ಬೋಟಿನ ಹೆಸರು ಹೊಸದಕ್ಕೆ ಬರುತ್ತದೆ. ಮಜಗಾಂವ್‌ನಲ್ಲಿ ಕಟ್ಟಿದ ಆರು ಹೊಸ ಬೋಟುಗಳು ಕಲ್ವರಿ, ಖಂಡೇರಿ, ಕರಂಜ್, ವೇಲಾ, ವಾಗೀರ್, ಮತ್ತು 2025ರ ಜನವರಿಯಲ್ಲಿ ಸೇರಿದ ವಾಗ್ಶೀರ್. ಹಳೆಯ ಎಂಟು ಹೆಸರುಗಳಲ್ಲಿ ಎರಡು ಹೊರಗುಳಿದವು. ಕುರ್ಸುರಾ 2002ರಿಂದ ವಿಶಾಖಪಟ್ಟಣದ ಕಡಲ ದಂಡೆಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ, ಮಕ್ಕಳು ಟಿಕೆಟ್ ಕೊಂಡು ಒಳಹೊಕ್ಕು ನೋಡುತ್ತಾರೆ. (ಮುಂಬಯಿ ತನ್ನ ಹಳೆಯ ವಿಮಾನವಾಹಕ ನೌಕೆ ವಿಕ್ರಾಂತವನ್ನೇ ಉಳಿಸಿಕೊಳ್ಳಲಾರದೆ 2014ರಲ್ಲಿ ಗುಜರಿಗೆ ಹಾಕಿತು.) 2010ರ ಡಿಸೆಂಬರ್‌ನಲ್ಲಿ ನಿವೃತ್ತವಾದ ವಾಗ್ಲಿಯ ಹೆಸರು ಮಾತ್ರ ಈ ಆರರಲ್ಲಿ ಯಾವುದಕ್ಕೂ ಬರಲಿಲ್ಲ. ಮಾಮ ಇದ್ದದ್ದು ವಾಗ್ಲಿಯಲ್ಲಿ.

ಹದಿಮೂರನೆಯ ದಿನದ ಊಟಕ್ಕೆ ಮೂವರು ಮುದುಕರು ಬಂದಿದ್ದರು: ಒಬ್ಬ ಮಲಯಾಳಿ, ಒಬ್ಬ ಒಡಿಯಾ, ಒಬ್ಬ ಪಂಜಾಬಿ. ಹಿಂದಿಯಲ್ಲಿ ಮಾತಾಡಿದರು, ನಡುನಡುವೆ ರಷ್ಯನ್ ನುಸುಳುತ್ತಿತ್ತು. ಮಾಮ ನೀರಡಿಯ ಸದ್ದು ಹಿಡಿಯುವ ಸೋನಾರ್‌ಗೆ ಕಿವಿಗೊಟ್ಟು ಕೂರುತ್ತಿದ್ದವರು, ಹಡಗಿನ ಪಂಖದ ಸದ್ದು ಕೇಳಿಯೇ ಅದು ಸರಕಿನದೋ ಯುದ್ಧದ್ದೋ ಹೇಳುತ್ತಿದ್ದರು ಎಂಬುದು ಮಾಮಿಗೆ ತಿಳಿದದ್ದು ಅಂದು. ‘ಮನೆಯಲ್ಲಿ ನಾನು ಕರೆದರೆ ಕೇಳಿಸುತ್ತಿರಲಿಲ್ಲ’ ಎಂದು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡರು.

ವರ್ಷಾಂತಿಕದ ಜಾಹೀರಾತು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ‘ನೇವಿಯಲ್ಲಿದ್ದರು’ ಎಂಬುದನ್ನು ತೆಗೆದು, ‘ವಾಗ್ಲಿ ಜಲಾಂತರ್ಗಾಮಿಯ ಸೋನಾರ್ ನಾವಿಕ’ ಎಂದು ಬರೆದೆ. ಜಾಹೀರಾತು ವಿಭಾಗದ ಹುಡುಗ ಫೋನಿನಲ್ಲಿ ಎರಡು ಸಲ ಓದಿಸಿಕೊಂಡು, ‘ವಾಗ್ಲಿ ಎಂದರೆ ಅವರ ಊರಾ ಸರ್?’ ಎಂದು ಕೇಳಿದ.