ಎಂಟು ಭಾಷೆಗೆ ಒಂದೇ ಮೊಹರು: ಕಾರ್ಖಾನೆ ತಂತಿಗಳ ಹಳೇ ಜಗಳ

ಪೀಣ್ಯದಲ್ಲಿ ನನ್ನ ಪರಿಚಯದವರೊಬ್ಬರದು ಸಣ್ಣ ಶೆಡ್ಡು. ಒಳಗೆ ಐದೇ ಯಂತ್ರ. ಒಂದು ಜರ್ಮನಿಯಿಂದ ಸೆಕೆಂಡ್ ಹ್ಯಾಂಡ್ ಬಂದದ್ದು, ಎರಡು ತೈವಾನಿನವು, ಒಂದು ಜಪಾನಿನದು, ಇನ್ನೊಂದು ಇಲ್ಲೇ ತಯಾರಾದದ್ದು. ಅವರ ಆಸೆ ದೊಡ್ಡದೇನಲ್ಲ. ಯಾವ ಯಂತ್ರ ಎಷ್ಟು ಪೀಸ್ ಹೊಡೆಯಿತು, ಎಷ್ಟು ಹೊತ್ತು ಸುಮ್ಮನೆ ನಿಂತಿತ್ತು, ಎಷ್ಟು ಯೂನಿಟ್ ಕರೆಂಟು ತಿಂದಿತು ಅನ್ನುವುದು ಮೊಬೈಲಿನಲ್ಲಿ ಕಾಣಬೇಕು, ಅಷ್ಟೆ. ಕೊಟೇಶನ್ ತರಿಸಿದರೆ ಸಾಫ್ಟ್‌ವೇರಿಗಿಂತ ಗೇಟ್‌ವೇ ಡಬ್ಬಿಗಳ ಬಾಬ್ತೇ ಜಾಸ್ತಿ. ಒಂದು ಯಂತ್ರದ ಮಾತನ್ನು ಇನ್ನೊಂದಕ್ಕೆ ತಿಳಿಯುವಂತೆ ಹೇಳುವ ದುಭಾಷಿ ಪೆಟ್ಟಿಗೆಗಳು ಅವು. "ಅಲ್ಲಾ ಸ್ವಾಮಿ, ನನ್ನ ಮೊಮ್ಮಗನ ಫೋನು ಯಾರ ಮನೆ ಟೀವಿಗಾದ್ರೂ ಕನೆಕ್ಟ್ ಆಗುತ್ತೆ. ಈ ಕಬ್ಬಿಣದ ಕೋಣಗಳಿಗೇನು ದಾಡಿ?" ಎಂದರು.

ದಾಡಿ ಹಳೆಯದು.

ಮೊದಲು ಗಾಳಿಯದೇ ಕಾರುಬಾರು. ಟ್ಯಾಂಕಿನ ಮಟ್ಟವನ್ನೋ ಬಾಯ್ಲರಿನ ಒತ್ತಡವನ್ನೋ ಕಂಟ್ರೋಲ್ ರೂಮಿಗೆ ತಿಳಿಸಲು ಸಣ್ಣ ಕೊಳವೆಯಲ್ಲಿ 3ರಿಂದ 15 ಪಿಎಸ್‌ಐ ಒತ್ತಡದ ಗಾಳಿ ಕಳಿಸುತ್ತಿದ್ದರು. 1970ರ ದಶಕದ ಹೊತ್ತಿಗೆ ಅದರ ಜಾಗಕ್ಕೆ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ ಬಂದು ಕೂತಿತು. ಟ್ಯಾಂಕು ಖಾಲಿ ಎಂದರೆ 4, ತುಂಬಿದೆ ಎಂದರೆ 20. ಸೊನ್ನೆಯಿಂದಲೇ ಏಕೆ ಶುರು ಮಾಡಲಿಲ್ಲ ಎಂದರೆ, ಇಲಿ ತಂತಿ ಕಡಿದರೂ ಸೊನ್ನೆಯೇ ಬರುತ್ತದೆ. ಖಾಲಿ ಟ್ಯಾಂಕು ಯಾವುದು, ಕಡಿದ ತಂತಿ ಯಾವುದು ಅಂತ ಗೊತ್ತಾಗಬೇಕಲ್ಲ. ಈ ಪದ್ಧತಿಯಲ್ಲಿ ಯಾವ ಕಂಪನಿಯ ಟ್ರಾನ್ಸ್‌ಮಿಟರನ್ನು ಯಾವ ಕಂಪನಿಯ ಕಂಟ್ರೋಲರಿಗೆ ಕಟ್ಟಿದರೂ ನಡೆಯುತ್ತಿತ್ತು. ಕೊರತೆ ಒಂದೇ: ಒಂದು ಜೋಡಿ ತಂತಿಗೆ ಒಂದೇ ಸುದ್ದಿ. ಐನೂರು ಉಪಕರಣವಿದ್ದರೆ ಐನೂರು ಜೋಡಿ ತಂತಿ, ಅಷ್ಟೂ ಟರ್ಮಿನಲ್ಲು, ತಂತಿ ಗುರುತಿಸಲು ಅಷ್ಟೂ ಫೆರೂಲ್ ನಂಬರು.

ಅದೇ ಹೊತ್ತಿಗೆ ಅಮೆರಿಕದ ಕಾರು ಕಾರ್ಖಾನೆಗಳಲ್ಲಿ ರಿಲೇಗಳು ತುಂಬಿದ ದೊಡ್ಡ ಕಪಾಟುಗಳನ್ನು ಕಿತ್ತು ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರು, ಕೂರಿಸುವ ಕೆಲಸ ಶುರುವಾಗಿತ್ತು. 1968ರಲ್ಲಿ ಜನರಲ್ ಮೋಟರ್ಸ್ ಇಂಥದ್ದೊಂದು ಬೇಕೆಂದಿತು. ಡಿಕ್ ಮಾರ್ಲಿ ಮತ್ತು ಜೊತೆಗಾರರು ಮೋಡಿಕಾನ್ 084 ಮಾಡಿಕೊಟ್ಟರು. 1979ರಲ್ಲಿ ಅದೇ ಮೋಡಿಕಾನ್ ತನ್ನ ಪಿಎಲ್‌ಸಿಗಳು ಮಾತಾಡಿಕೊಳ್ಳುವ ರೀತಿಯನ್ನು ಮಾಡ್‌ಬಸ್ ಎಂಬ ಹೆಸರಿನಲ್ಲಿ ಪ್ರಕಟಿಸಿತು.

ಮಾಡ್‌ಬಸ್ ಎಷ್ಟು ಸರಳ ಎಂದರೆ ಒಂದು ಪ್ರಶ್ನೆ ಎಂಟು ಬೈಟಿನಲ್ಲಿ ಮುಗಿಯುತ್ತದೆ: ಯಾರನ್ನು ಕೇಳುತ್ತಿದ್ದೇನೆ, ಏನು ಮಾಡಬೇಕು, ಯಾವ ರಿಜಿಸ್ಟರಿನಿಂದ (ಉಪಕರಣದೊಳಗೆ ಅಂಕಿ ಇಡುವ ಖಾನೆ), ಎಷ್ಟು ರಿಜಿಸ್ಟರ್, ಕೊನೆಗೆ ತಪ್ಪು ಹಿಡಿಯಲು ಎರಡು ಬೈಟು. ಕೇಳಿದವನಿಗೆ ಉತ್ತರ ಸಿಗುತ್ತದೆ. ಪಾಸ್‌ವರ್ಡ್ ಇಲ್ಲ, ನೀನ್ಯಾರು ಎಂಬ ವಿಚಾರಣೆಯೂ ಇಲ್ಲ. 1983ರಲ್ಲಿ ಬಂದ ಆರ್‌ಎಸ್-485 ಎಂಬ ಎರಡು ತಂತಿಯ ಪದ್ಧತಿ ಇದಕ್ಕೆ ಹೇಳಿ ಮಾಡಿಸಿದ ಜೋಡಿಯಾಯಿತು. ಒಂದೇ ಕೇಬಲ್ಲಿನಲ್ಲಿ ಮೂವತ್ತೆರಡು ಉಪಕರಣ, 1200 ಮೀಟರ್ ತನಕ, ಎರಡು ತುದಿಗೆ 120 ಓಮಿನ ರೆಸಿಸ್ಟರು.

ಸರಳ ಅಂದಮಾತ್ರಕ್ಕೆ ಸಲೀಸಲ್ಲ. ಸೈಟಿನಲ್ಲಿ ಕೆಲಸ ಮಾಡಿದವರಿಗೆಲ್ಲ ಈ ಸಂಕಟ ಗೊತ್ತು. ತಂತಿಗಳಿಗೆ ಎ, ಬಿ ಎಂದು ಹೆಸರಿದೆ, ಆದರೆ ಒಬ್ಬ ತಯಾರಕನಿಗೆ ಎ ಎಂದರೆ ಪ್ಲಸ್, ಇನ್ನೊಬ್ಬನಿಗೆ ಮೈನಸ್. ಪುಸ್ತಕದಲ್ಲಿ 40001 ಎಂದು ಬರೆದ ರಿಜಿಸ್ಟರು ತಂತಿಯ ಮೇಲೆ ಸೊನ್ನೆಯಾಗಿ ಹೋಗುತ್ತದೆ. ಒಂದು ರಿಜಿಸ್ಟರಿಗೆ ಹದಿನಾರು ಬಿಟ್ ಮಾತ್ರ, ಹಾಗಾಗಿ ದಶಮಾಂಶದ ಸಂಖ್ಯೆಯನ್ನು ಎರಡು ತುಂಡು ಮಾಡಿ ಕಳಿಸಬೇಕು, ಯಾವ ತುಂಡು ಮೊದಲು ಎಂದು ಮಾತ್ರ ಎಲ್ಲೂ ಕಟ್ಟುನಿಟ್ಟಾಗಿ ಹೇಳಿಲ್ಲ. ನಾನು ಮೊದಲ ಸಲ ಎನರ್ಜಿ ಮೀಟರ್ ಕಟ್ಟಿದ ದಿನ ಮೀಟರಿನ ಮುಖದಲ್ಲಿ 230 ವೋಲ್ಟ್, ಕಂಪ್ಯೂಟರಿನಲ್ಲಿ 0.0. ತಂತಿ ಸರಿಯಿತ್ತು, ಸ್ಪೀಡ್ ಸರಿಯಿತ್ತು, ಪ್ಯಾರಿಟಿ ಸರಿಯಿತ್ತು. ಮಧ್ಯಾಹ್ನದ ಊಟ ಬಿಟ್ಟು ಹುಡುಕಿದೆ. ಸಂಜೆ ವೈರ್‌ಮನ್ ಚಹಾ ತಂದಿಟ್ಟು, "ಹೋದ ಸಲ ಬಂದಿದ್ದ ಸಾರು ಅದೇನೋ ಸ್ವ್ಯಾಪ್ ಅಂತ ಟಿಕ್ ಹಾಕಿದ್ರು" ಎಂದ. ಎರಡು ತುಂಡು ಅದಲು ಬದಲಾಗಿದ್ದವು, ಅಷ್ಟೆ.

ಇಷ್ಟೆಲ್ಲ ಕೊರತೆಯಿದ್ದರೂ ಮಾಡ್‌ಬಸ್ ಉಳಿಯಿತು. ಕಾಸು ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಅದಕ್ಕಿಂತ ಉತ್ತಮವಾದದ್ದನ್ನು ಇಡೀ ಲೋಕಕ್ಕೆ ಒಂದೇ ಮಾಡಿಕೊಡುತ್ತೇವೆ ಎಂದು ಹೊರಟವರ ಕಥೆಯೇ ಬೇರೆ.

ಒಂದೇ ಭಾಷೆ ಬೇಕೆಂದು ಕೊಳ್ಳುವವರೇ ಹಠ ಹಿಡಿದ ಪ್ರಸಂಗವೂ ಇದೆ. 1980ರ ದಶಕದಲ್ಲಿ ಜನರಲ್ ಮೋಟರ್ಸ್ 'ಮ್ಯಾಪ್' ಎಂಬ ನಿಯಮ ರೂಪಿಸಿ, ನನ್ನ ಕಾರ್ಖಾನೆಗೆ ಬರುವ ಯಂತ್ರಗಳು ಹೀಗೆಯೇ ಮಾತಾಡಬೇಕು ಎಂದಿತು. ಅದು ದುಬಾರಿಯಾಯಿತು, ಭಾರವಾಯಿತು, ದಶಕ ಮುಗಿಯುವಷ್ಟರಲ್ಲಿ ತಣ್ಣಗಾಯಿತು. ಆಮೇಲೆ ಮೇಜಿನ ಸುತ್ತ ಕೂತವರಲ್ಲಿ ಮಾರುವವರ ದನಿಯೇ ಜೋರು.

ಆ ಮೇಜು ವಿದ್ಯುತ್ ಉಪಕರಣಗಳಿಗೆ ಮಾನದಂಡ ರೂಪಿಸುವ ಐಇಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯದು. 4-20ರ ಜಾಗಕ್ಕೆ ಒಂದೇ ಡಿಜಿಟಲ್ 'ಫೀಲ್ಡ್‌ಬಸ್', ಅಂದರೆ ಹಲವು ಉಪಕರಣ ಒಂದೇ ಕೇಬಲ್ಲಿನಲ್ಲಿ ಮಾತಾಡುವ ಪದ್ಧತಿ, ತರಲು 1985ರಲ್ಲಿ ಅದು ಕೆಲಸ ಶುರು ಮಾಡಿತು. ಅಷ್ಟರಲ್ಲಿ ಫ್ರಾನ್ಸ್ ತನ್ನ ಎಫ್‌ಐಪಿ ಕಟ್ಟುತ್ತಿತ್ತು, ಜರ್ಮನಿ ಸರ್ಕಾರದ ಹಣದ ನೆರವಿನಲ್ಲಿ 1987ರಿಂದ ಪ್ರೊಫಿಬಸ್ ಕಟ್ಟಿತು, ಡೆನ್ಮಾರ್ಕಿನದು ಪಿ-ನೆಟ್. ಜಗಳಕ್ಕೆ ತಾಂತ್ರಿಕ ಕಾರಣವೂ ಇತ್ತು. ಎಫ್‌ಐಪಿಯದು ಹಾಜರಿ ಕರೆಯುವ ಮೇಷ್ಟ್ರ ಪದ್ಧತಿ: ನಡುವೆ ಕೂತ ಒಬ್ಬ ಒಂದೊಂದೇ ಹೆಸರು ಕೂಗುತ್ತಾನೆ, ಆ ಮಾಹಿತಿ ಇದ್ದವನು ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ, ಬೇಕಾದವರು ಬರೆದುಕೊಳ್ಳುತ್ತಾರೆ. ಪ್ರೊಫಿಬಸ್ಸಿನದು ಸಭೆಯ ಮೈಕಿನ ಪದ್ಧತಿ: ಕೈಯಲ್ಲಿ ಟೋಕನ್ ಇರುವವನು ತನ್ನ ಅಡಿಯಾಳುಗಳನ್ನು ವಿಚಾರಿಸಿ ಮೈಕನ್ನು ಮುಂದಿನವನಿಗೆ ದಾಟಿಸುತ್ತಾನೆ. ಎರಡಕ್ಕೂ ಅವುಗಳದೇ ಗುಣ, ಅವುಗಳದೇ ದೋಷ. ಆದರೆ ಎರಡರ ಹಿಂದೆಯೂ ಆಗಲೇ ಹಾಕಿದ ಬಂಡವಾಳ, ಮಾರಿದ ಮಾಲು, ದೇಶದ ಮಾನ ಎಲ್ಲ ಸೇರಿಕೊಂಡಿದ್ದವು.

ಹದಿನಾಲ್ಕು ವರ್ಷ ಕರಡು, ತಿದ್ದುಪಡಿ, ಮತದಾನ. 1996ರಲ್ಲಿ ಯುರೋಪು ಕಾದು ಸಾಕಾಗಿ ಪಿ-ನೆಟ್, ಪ್ರೊಫಿಬಸ್, ವರ್ಲ್ಡ್‌ಫಿಪ್ (ಎಫ್‌ಐಪಿಯ ಮುಂದಿನ ರೂಪ) ಮೂರನ್ನೂ ಒಂದೇ ಪುಸ್ತಕದ ಮೂರು ಸಂಪುಟ ಮಾಡಿ, ಇದೇ ನಮ್ಮ ಮಾನದಂಡ ಎಂದುಬಿಟ್ಟಿತು. ಐಇಸಿಯ ನಿಯಮದಂತೆ ಕರಡು ಗೆಲ್ಲಲು ಮೂರನೇ ಎರಡು ಪಾಲು ಒಪ್ಪಿಗೆ ಬೇಕು, ವಿರೋಧ ಕಾಲು ಪಾಲು ಮೀರಬಾರದು. 1998ರಲ್ಲಿ ಕರಡು ಅಲ್ಲಿಯೇ ಎಡವಿತು. ಕಾರಣ ಕೊಡದ ವಿರೋಧ ಮತವನ್ನು ಎಣಿಸಬೇಕೇ ಬೇಡವೇ ಎನ್ನುವುದೇ ಹೊಸ ವ್ಯಾಜ್ಯವಾಯಿತು.

ಕೊನೆಗೆ 1999ರ ಜುಲೈನಲ್ಲಿ ಮುಖ್ಯ ಪಕ್ಷಗಳು ಕೂತು ರಾಜಿ ಪತ್ರಕ್ಕೆ ಸಹಿ ಹಾಕಿದವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ರಾಜಿ. 2000ದ ಆರಂಭಕ್ಕೆ ಐಇಸಿ 61158 ಹೊರಬಂದಾಗ ಅದರಲ್ಲಿ ಒಂದಲ್ಲ, ಎಂಟು ಫೀಲ್ಡ್‌ಬಸ್ಸುಗಳಿದ್ದವು. ಎಂಟಕ್ಕೂ 'ಟೈಪ್' ನಂಬರು, ಎಂಟಕ್ಕೂ ಅಂತರರಾಷ್ಟ್ರೀಯ ಮೊಹರು, ಒಂದಕ್ಕೆ ಇನ್ನೊಂದರ ಮಾತು ತಿಳಿಯದು. ಮಾರುವವರ ನಡುವೆ ಶಾಂತಿ ನೆಲೆಸಿತು. ಕೊಳ್ಳುವವನಿಗೆ ಸಿಕ್ಕಿದ್ದು "ನಮ್ಮದು ಅಂತರರಾಷ್ಟ್ರೀಯ ಮಾನದಂಡದ ಮಾಲು" ಎಂಬ ಎಂಟು ಬೇರೆ ಬೇರೆ ಬ್ರೋಷರು. ಇದರಲ್ಲಿ ಯಾರೊಬ್ಬರದೂ ತಪ್ಪು ಎನ್ನಲಾಗದು. ಪ್ರತಿಯೊಬ್ಬರೂ ತಮ್ಮ ಹಳೆಯ ಗಿರಾಕಿಯನ್ನು ಕೈಬಿಡಲಾರೆವು ಎಂದರು, ಅದು ನಿಜವೂ ಹೌದು. ಒಮ್ಮೆ ಕೂರಿಸಿದ ಯಂತ್ರ ಇಪ್ಪತ್ತು, ಇಪ್ಪತ್ತೈದು ವರ್ಷ ಓಡುತ್ತದೆ.

ಆ ಎಂಟರಲ್ಲಿ ಕೆಲವು ಪಟ್ಟಿಯಲ್ಲೇ ಉಳಿದವು, ಕೆಲವು ನೆಲಕ್ಕಿಳಿದವು. ಪ್ರೊಫಿಬಸ್ಸಿನ ನೇರಳೆ ಕೇಬಲ್ಲು ನಮ್ಮ ಕಡೆಯ ಕಾರ್ಖಾನೆಗಳಲ್ಲೂ ಚಿರಪರಿಚಿತ. ಅದರ ಒಂಬತ್ತು ಪಿನ್ನಿನ ಕನೆಕ್ಟರಿನ ಮೇಲೆ ತುದಿಯ ರೆಸಿಸ್ಟರಿಗೆಂದು ಒಂದು ಪುಟ್ಟ ಸ್ವಿಚ್ಚಿರುತ್ತದೆ. ಸಾಲಿನ ತುದಿಯಲ್ಲಿ ಮಾತ್ರ ಆನ್ ಆಗಿರಬೇಕು. ನಡುವೆ ಯಾರಾದರೂ ಒರೆಸುವಾಗ ಬಟ್ಟೆ ತಗುಲಿ ಆನ್ ಆಯಿತೋ, ಅಲ್ಲಿಂದ ಮುಂದಿನ ಉಪಕರಣಗಳೆಲ್ಲ ಸಾಲಾಗಿ ಮೂಕ.

ಅಷ್ಟರಲ್ಲಿ ಆಫೀಸುಗಳಲ್ಲಿ ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಅಗ್ಗವಾಗಿತ್ತು. ಮೊದಮೊದಲು ಕಾರ್ಖಾನೆಯವರಿಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಎಲ್ಲರೂ ಒಟ್ಟಿಗೆ ಬಾಯಿ ತೆರೆದು, ಡಿಕ್ಕಿಯಾದರೆ ಸ್ವಲ್ಪ ತಡೆದು ಮತ್ತೆ ಮಾತಾಡುವ ಅರಳಿಕಟ್ಟೆಯ ಹರಟೆ ಅದು. ಪ್ರೆಸ್ಸಿನ ಕೆಳಗೆ ಕೈಯಿಟ್ಟವನಿಗೆ "ಸ್ವಲ್ಪ ತಡೆದು" ಎನ್ನಲಾಗುತ್ತದೆಯೇ? ಪ್ರತಿ ಸಂದೇಶವನ್ನು ಅದರ ವಿಳಾಸಕ್ಕೇ ದಾಟಿಸುವ ನೆಟ್‌ವರ್ಕ್ ಸ್ವಿಚ್ಚು ಡಬ್ಬಿಗಳು ಬಂದು ಡಿಕ್ಕಿ ತಪ್ಪಿದ ಮೇಲೆ ಆ ಭಯ ಇಳಿಯಿತು. ಈಗಲಾದರೂ ಒಂದೇ ಭಾಷೆ ಎಂದುಕೊಂಡರೆ, ಒಂದಾದದ್ದು ಕೇಬಲ್ಲು ಮತ್ತು ಪ್ಲಗ್ಗು ಮಾತ್ರ. 1999ರಲ್ಲಿ ಮಾಡ್‌ಬಸ್ ಟಿಸಿಪಿ, ಬೆನ್ನಿಗೇ ಅಮೆರಿಕದ ಕಡೆಯಿಂದ ಈಥರ್‌ನೆಟ್/ಐಪಿ, ಜರ್ಮನಿಯ ಕಡೆಯಿಂದ ಪ್ರೊಫಿನೆಟ್, 2003ರಲ್ಲಿ ಈಥರ್‌ಕ್ಯಾಟ್. ಜಪಾನಿನ ಸಿಸಿ-ಲಿಂಕ್ ಕೂಡ ಈಥರ್ನೆಟ್ ಹತ್ತಿತು. ಚೀನಾ ತನ್ನ ಇಪಿಎಯನ್ನು, ಕೊರಿಯಾ ತನ್ನ ರಾಪಿನೆಟ್ಟನ್ನು ಅದೇ ಐಇಸಿ ಪಟ್ಟಿಗೆ ಸೇರಿಸಿದವು. ಎಂಟಿದ್ದದ್ದು ಇಪ್ಪತ್ತರ ಗಡಿ ದಾಟಿತು.

ಇವುಗಳಲ್ಲಿ ಈಥರ್‌ಕ್ಯಾಟಿನ ಜಾಣತನ ನನಗಿಷ್ಟ. ನಿಲ್ದಾಣದಲ್ಲಿ ನಿಲ್ಲದ ರೈಲಿಗೆ ಟಪಾಲು ಚೀಲ ಹಾಕಿ ತೆಗೆದಂತೆ, ಸಂದೇಶ ಓಡುತ್ತಿರುವಾಗಲೇ ಪ್ರತಿ ಉಪಕರಣ ತನ್ನ ಪಾಲನ್ನು ಎತ್ತಿಕೊಂಡು ತನ್ನ ಉತ್ತರವನ್ನು ಅದರಲ್ಲೇ ತುರುಕುತ್ತದೆ.

ಮಾರುಕಟ್ಟೆಯ ಲೆಕ್ಕ ಕೊಡುವವರಲ್ಲಿ ಸ್ವೀಡನ್ನಿನ ಎಚ್‌ಎಂಎಸ್ ನೆಟ್‌ವರ್ಕ್ಸ್‌ನ ವಾರ್ಷಿಕ ಅಂದಾಜನ್ನು ಹೆಚ್ಚಿನವರು ಉಲ್ಲೇಖಿಸುತ್ತಾರೆ. (ಗೇಟ್‌ವೇ ಮಾರುವುದು ಆ ಕಂಪನಿಯ ಮುಖ್ಯ ಕಸುಬುಗಳಲ್ಲಿ ಒಂದು. ಎಷ್ಟು ಭಾಷೆಗಳಿವೆ ಎಂದು ದುಭಾಷಿಗಿಂತ ಚೆನ್ನಾಗಿ ಬಲ್ಲವರು ಯಾರು!) ಹೊಸದಾಗಿ ಜೋಡಿಸುವ ಉಪಕರಣಗಳಲ್ಲಿ ಈಥರ್ನೆಟ್ಟಿನ ಪಾಲು ಹಳೆಯ ಫೀಲ್ಡ್‌ಬಸ್ಸನ್ನು ಮೊದಲ ಬಾರಿ ದಾಟಿದ್ದು 2018ರ ಅಂದಾಜಿನಲ್ಲಿ: ಶೇ 52ಕ್ಕೆ ಶೇ 42. 2025ರದರಲ್ಲಿ ಈಥರ್ನೆಟ್ ಶೇ 76, ಫೀಲ್ಡ್‌ಬಸ್ ಶೇ 17, ವೈರ್‌ಲೆಸ್ ಶೇ 7. ಪ್ರೊಫಿನೆಟ್ ಒಂದೇ ಶೇ 27, ಈಥರ್‌ನೆಟ್/ಐಪಿ 23, ಈಥರ್‌ಕ್ಯಾಟ್ 17. ಇದು ಹೊಸ ಮಾಲಿನ ಲೆಕ್ಕ ಎನ್ನುವುದನ್ನು ಮರೆಯಬಾರದು. ಆಗಲೇ ಗೋಡೆಗೆ ಹೊಡೆದ ಪ್ಯಾನೆಲ್ಲುಗಳ ಒಳಗಿನ ಕಥೆ ಬೇರೆ.

ಮುಂದಿನ ಭರವಸೆಗಳೂ ಸಾಲಾಗಿ ನಿಂತಿವೆ. ಎರಡೇ ತಂತಿಯಲ್ಲಿ 10 ಮೆಗಾಬಿಟ್ ವೇಗದ ಈಥರ್ನೆಟ್ಟನ್ನು ಒಂದು ಕಿಲೋಮೀಟರ್ ಒಯ್ಯುವ ಪದ್ಧತಿಗೆ 2019ರಲ್ಲಿ ಮಾನದಂಡ ಸಿಕ್ಕಿತು. ಅದರ ಮೇಲೆ ಕಟ್ಟಿದ ಈಥರ್ನೆಟ್-ಎಪಿಎಲ್ 2021ರಲ್ಲಿ ಬಂತು. ಟಿಎಸ್‌ಎನ್ ಎಂಬುದು ಈಥರ್ನೆಟ್ಟಿಗೇ ವೇಳಾಪಟ್ಟಿ ಕಲಿಸುತ್ತದೆ. ಒಪಿಸಿ ಯುಎ ಮಾಹಿತಿಯ ಅರ್ಥವನ್ನೂ ಜೊತೆಗೇ ಕಳಿಸುತ್ತದೆ. ಎಲ್ಲರೂ ಟಿಎಸ್‌ಎನ್ ಒಪ್ಪಿದ್ದಾರೆ. ಪ್ರೊಫಿನೆಟ್ಟಿನವರು ಟಿಎಸ್‌ಎನ್ ಮೇಲೆ ಪ್ರೊಫಿನೆಟ್ ಎನ್ನುತ್ತಾರೆ, ಸಿಸಿ-ಲಿಂಕ್‌ನವರು ಟಿಎಸ್‌ಎನ್ ಮೇಲೆ ಸಿಸಿ-ಲಿಂಕ್ ಎನ್ನುತ್ತಾರೆ. ಈ ಸಾಫ್ಟ್‌ವೇರುಗಳನ್ನು ಬರೆಯುವ, ಪರೀಕ್ಷಿಸುವ ಕೆಲಸದಲ್ಲಿ ಒಂದು ಪಾಲು ಬೆಂಗಳೂರಿನ ಕಚೇರಿಗಳಲ್ಲೇ ನಡೆಯುತ್ತದೆ. ಅಲ್ಲಿಂದ ಪೀಣ್ಯಕ್ಕೆ ಒಂದು ಗಂಟೆಯ ದಾರಿ, ಟ್ರಾಫಿಕ್ ಇಲ್ಲದಿದ್ದರೆ.

ನಮ್ಮ ಪರಿಚಯದವರು ಕೊನೆಗೆ ಎಲ್ಲ ಯಂತ್ರಕ್ಕೂ ಗೇಟ್‌ವೇ ಹಾಕಿಸಲಿಲ್ಲ. ಪ್ರತಿಯೊಂದರ ಪ್ಯಾನೆಲ್ಲಿಗೂ ಒಂದೊಂದು ಮಾಡ್‌ಬಸ್ ಎನರ್ಜಿ ಮೀಟರ್ ಕೂರಿಸಿದೆವು. ಕರೆಂಟು ಏರಿತೋ ಯಂತ್ರ ಓಡುತ್ತಿದೆ, ಇಳಿಯಿತೋ ನಿಂತಿದೆ. ಪೀಸಿನ ಲೆಕ್ಕ ಸದ್ಯಕ್ಕೆ ಪುಸ್ತಕದಲ್ಲೇ. ಕಂಪ್ಯೂಟರಿಗೆ ಜೋಡಿಸುವ ಹೆಬ್ಬೆರಳುದ್ದದ ಕನ್ವರ್ಟರ್ ಕೊಳ್ಳಲು ಎಸ್.ಪಿ. ರಸ್ತೆಗೆ ಹೋಗಿದ್ದೆ. ಇದರಲ್ಲಿ ಎ ಪ್ಲಸ್ಸೋ ಮೈನಸ್ಸೋ ಎಂದು ಕೇಳಿದರೆ ಅಂಗಡಿಯ ಹುಡುಗ ಬಿಲ್ಲಿನಿಂದ ತಲೆಯೆತ್ತದೆ, "ಹಾಕಿ ನೋಡಿ ಸಾರ್, ಬರ್ಲಿಲ್ಲ ಅಂದ್ರೆ ಉಲ್ಟಾ ಮಾಡಿ" ಎಂದ.