ಲಿಂಗನಮಕ್ಕಿ ನೀರಿನ ಗುಟ್ಟಿನ ಬೆಲೆ

ಲಿಂಗನಮಕ್ಕಿ ತುಂಬುತ್ತಾ ಬಂದರೆ ಬೆಂಗಳೂರಿನಲ್ಲಿ ಪ್ರತಿ ವರ್ಷ ಒಂದೇ ಮಾತು. "ಡ್ಯಾಂ ತುಂಬ್ತಲ್ಲ, ರಾಯಚೂರಲ್ಲಿ ಕರೆಂಟಿಗೆ ಇನ್ನೂ ಯಾಕೆ ಕಲ್ಲಿದ್ದಲು ಸುಡ್ತಾರೆ? ನೀರು ಪುಕ್ಕಟೆ ಅಲ್ವಾ?" ಚೆನ್ನಾಗಿ ಓದಿಕೊಂಡವರೂ ಹೀಗೇ ಹೇಳುತ್ತಾರೆ. ಅಲ್ಲ ಸ್ವಾಮಿ, ಪುಕ್ಕಟೆ ಅಲ್ಲ.

ಜನವರಿಯಲ್ಲಿ ಸಂಪಿನ ನೀರಲ್ಲಿ ಧಾರಾಳವಾಗಿ ಕಾರು ತೊಳೆದು, ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದವರಿಗೆ ಇದು ಬೇಗ ಹೊಳೆಯುತ್ತದೆ. ಕಾರಿಗೆ ಸುರಿದದ್ದು ಟ್ಯಾಂಕರ್ ರೇಟಿನ ನೀರು.

ಲಿಂಗನಮಕ್ಕಿಯ ನೀರಿನಿಂದ ತಿರುಗುವ ಶರಾವತಿಯ ಹತ್ತು ಟರ್ಬೈನುಗಳು ಸೇರಿ 1035 ಮೆಗಾವ್ಯಾಟ್. ಬೇಕೆಂದಾಗ ನಿಮಿಷಗಳಲ್ಲಿ ಕರೆಂಟು ಕೊಡುತ್ತವೆ. ಕಲ್ಲಿದ್ದಲಿನ ಬಾಯ್ಲರು ಒಮ್ಮೆ ತಣ್ಣಗಾದರೆ ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು. ಪಾವಗಡದ ಸೋಲಾರ್ ಸಂಜೆ ಕೈ ಎತ್ತಿಬಿಡುತ್ತದೆ. ಹಾಗಾಗಿ ನೀರನ್ನು ಯಾವಾಗ ಬಿಡಬೇಕು ಅನ್ನುವುದೇ ದೊಡ್ಡ ಪ್ರಶ್ನೆ. ಇವತ್ತು ಒಂದು ಯೂನಿಟ್ಟಿಗಾಗುವಷ್ಟು ನೀರು ಬಿಟ್ಟರೆ ನಾಲ್ಕು ರೂಪಾಯಿ ಕಲ್ಲಿದ್ದಲು ಉಳಿಯುತ್ತದೆ ಅಂದುಕೊಳ್ಳಿ. ಅದೇ ನೀರು ಏಪ್ರಿಲ್ ಸಂಜೆ ಏಳಕ್ಕೆ ಹತ್ತು ರೂಪಾಯಿಯ ಖರೀದಿ ತಪ್ಪಿಸುತ್ತದೆ ಅಂದರೆ, ಅದರ ಇವತ್ತಿನ ಬೆಲೆ ಹತ್ತು. ನಾಲ್ಕು ಉಳಿಸಲು ಹೋಗಿ ಹತ್ತು ಕಳೆದ ಹಾಗಾಯಿತು.

ಈ ಬೆಲೆಯನ್ನು ಯಾರೂ ನಿಗದಿ ಮಾಡುವುದಿಲ್ಲ. ಬೇಡಿಕೆ ಪೂರ್ತಿ ತೀರಬೇಕು, ಡ್ಯಾಮಿನಲ್ಲಿ ಇರುವಷ್ಟೇ ನೀರು, ಖರ್ಚು ಆದಷ್ಟೂ ಕಡಿಮೆ ಇರಬೇಕು. ಇಷ್ಟನ್ನು ಸಮೀಕರಣಗಳಲ್ಲಿ ಬರೆದು ಬಿಡಿಸಿದರೆ, ಪ್ರತಿ ಮಿತಿಗೂ ಒಂದೊಂದು ಬೆಲೆ ಉತ್ತರದ ಜೊತೆಗೇ ಬರುತ್ತದೆ. ಇದೇ ಶ್ಯಾಡೋ ಪ್ರೈಸ್, ಅಂದರೆ ಆ ಮಿತಿ ಒಂದು ಚೂರು ಸಡಿಲವಾದರೆ ಎಷ್ಟು ಖರ್ಚು ಉಳಿಯುತ್ತದೆ ಅನ್ನುವ ಗುಟ್ಟಿನ ಬೆಲೆ. ಸೋವಿಯತ್ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಪ್ಲೈವುಡ್ ಯಂತ್ರಗಳಿಗೆ ಕೆಲಸ ಹಂಚುವ ಲೆಕ್ಕ ಹಿಡಿದು 1939ರಲ್ಲಿ ಇಂಥ ಬೆಲೆಗಳನ್ನು ಕಂಡುಕೊಂಡರು. ಸರ್ಕಾರವೇ ಬೆಲೆ ಕಟ್ಟುವ ದೇಶದಲ್ಲಿ ಲೆಕ್ಕ ಬೆಲೆ ಹೇಳುತ್ತದೆ ಅಂದರೆ ಯಾರಿಗೆ ಹಿಡಿಸೀತು! ನೊಬೆಲ್ ಬಂದದ್ದು 1975ಕ್ಕೆ. ಇಂಥ ಲೆಕ್ಕ ಬಿಡಿಸುವ ಸಿಂಪ್ಲೆಕ್ಸ್ ವಿಧಾನ ಕೊಟ್ಟ ಅಮೆರಿಕದ ಜಾರ್ಜ್ ಡಾಂಟ್ಜಿಗ್‌ಗೆ ಅದು ಬರಲೇ ಇಲ್ಲ. ಅನ್ಯಾಯ ಅನ್ನುವವರಲ್ಲಿ ನಾನೂ ಒಬ್ಬ.

ಕಷ್ಟ ಇರುವುದು ಮಳೆಯಲ್ಲಿ. ಮುಂದಿನ ತಿಂಗಳು ಎಷ್ಟು ಸುರಿಯುತ್ತದೆ ಗೊತ್ತಿಲ್ಲ. ಅದಕ್ಕೆ ಲೆಕ್ಕವನ್ನು ವರ್ಷದ ಕೊನೆಯಿಂದ ಹಿಂದಕ್ಕೆ ಮಾಡುತ್ತಾರೆ. ಪ್ರತಿ ನೀರಿನ ಮಟ್ಟಕ್ಕೂ, ಹಲವು ಬಗೆಯ ಮಳೆಗೂ ಖರ್ಚು ಹಾಕಿ ಸರಾಸರಿ ತೆಗೆಯುತ್ತಾರೆ. ಲಿಂಗನಮಕ್ಕಿ, ಸೂಪಾ, ಮಾಣಿ, ಒಂದೊಂದಕ್ಕೂ 100 ಮಟ್ಟ ಹಿಡಿದರೆ 10 ಲಕ್ಷ ಜೋಡಣೆ. ಇನ್ನೊಂದು ಜಲಾಶಯ ಸೇರಿಸಿ, 10 ಕೋಟಿ! ಕಂಪ್ಯೂಟರೂ ಸುಸ್ತು. 1991ರಲ್ಲಿ ಬ್ರೆಜಿಲ್‌ನ ಪೆರೇರಾ ಮತ್ತು ಪಿಂಟೊ ಒಂದು ಜಾಣ ದಾರಿ ತೋರಿಸಿದರು. ಎಲ್ಲ ಮಟ್ಟಗಳನ್ನೂ ಲೆಕ್ಕ ಹಾಕುವುದು ಬೇಡ. ಕೆಲವು ಮಟ್ಟಗಳಲ್ಲಿ ಮಾತ್ರ ಖರ್ಚನ್ನೂ ನೀರಿನ ಶ್ಯಾಡೋ ಪ್ರೈಸನ್ನೂ ತೆಗೆಯಿರಿ. ನೀರಿನ ಮಟ್ಟಕ್ಕೆ ತಕ್ಕಂತೆ ಖರ್ಚು ಹೇಗೆ ಬದಲಾಗುತ್ತದೆ ಎಂದು ಗೆರೆ ಎಳೆದರೆ, ಆ ಬೆಲೆಯೇ ಗೆರೆಯ ಇಳಿಜಾರು. ಅದರಿಂದ ಒಂದು ಸರಳರೇಖೆ ಎಳೆಯಿರಿ. ಇಂಥ ರೇಖೆಗಳು ಸಾಕಷ್ಟು ಸೇರಿದರೆ ಖರ್ಚಿನ ಇಡೀ ಗೆರೆ ಕೆಳಗಿನಿಂದ ಮೂಡಿಬರುತ್ತದೆ.

ಡ್ಯಾಂ ಭರ್ತಿಯಾಗಿ ಗೇಟು ತೆರೆದ ದಿನ ನೀರಿನ ಬೆಲೆ ಸೊನ್ನೆ, ಯಾಕೆಂದರೆ ಇನ್ನೊಂದು ಹನಿ ಬಂದರೂ ಇಡಲು ಜಾಗವಿಲ್ಲ. ಬೆಂಗಳೂರಿನಿಂದ ಜೋಗ ನೋಡಲು ಹೋದವರಿಗೆ ಅವತ್ತೇ ಹಬ್ಬ. ಇದಕ್ಕೆ ತಿರುಗಾ ಮುರುಗಾ, ಮುಂಗಾರು ತಡ ಎಂದು ಹವಾಮಾನ ಇಲಾಖೆ ಹೇಳಿದರೆ ಸಾಕು, ಡ್ಯಾಮಿನಲ್ಲಿ ಒಂದು ಹನಿ ಹೆಚ್ಚು ಕಡಿಮೆಯಾಗದಿದ್ದರೂ ಬೆಲೆ ಏರುತ್ತದೆ. ಅವತ್ತಿನಿಂದಲೇ ಕಲ್ಲಿದ್ದಲು ಜಾಸ್ತಿ ಸುಡುವುದು ಲಾಭ.