ಹತ್ತು ಹತ್ತರ ಕಟ್ಟುಗಳಲ್ಲಿ ಕಳೆದುಹೋದ ಲಿವಿ

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ, ಕೊಲ್ಲಿಯ ದಡದ ಮಿಸೇನಂನಲ್ಲಿದ್ದ ಹದಿನೇಳರ ಹುಡುಗ ಪ್ಲಿನಿ, ನೆಲ ನಡುಗುತ್ತಿದ್ದರೂ ಮನೆಯಂಗಳದಲ್ಲಿ ಕುಳಿತು ರೋಮನ್ ಇತಿಹಾಸಕಾರ ಲಿವಿ ಬರೆದ ಇತಿಹಾಸವನ್ನು ಓದುತ್ತ ಟಿಪ್ಪಣಿ ಮಾಡಿಕೊಳ್ಳುತ್ತಿದ್ದನಂತೆ. ಅಷ್ಟು ಮನೆಮಾತಾಗಿದ್ದ ಗ್ರಂಥದ ಮುಕ್ಕಾಲು ಪಾಲು ಇಂದು ನಮಗೆ ಉಳಿದಿಲ್ಲ. ಪದುವಾದಲ್ಲಿ ಹುಟ್ಟಿದ ಟೈಟಸ್ ಲಿವಿ, ರೋಮ್ ನಗರದ ಸ್ಥಾಪನೆಯಿಂದ ಕ್ರಿ.ಪೂ. 9ರವರೆಗಿನ ಕಥನವನ್ನು 142 ಭಾಗಗಳಲ್ಲಿ ಬರೆದ. ಅವುಗಳಲ್ಲಿ ಉಳಿದವು 35.

ಯಾವುವು ಉಳಿದಿವೆ ಎಂಬುದನ್ನು ಗಮನಿಸಿದರೆ ನಷ್ಟದ ಕಾರಣ ಹೊಳೆಯುತ್ತದೆ. 1ರಿಂದ 10 ಇವೆ, 11ರಿಂದ 20 ಇಲ್ಲ, 21ರಿಂದ 45 ಮತ್ತೆ ಇವೆ. ಬಿಡಿ ಸುರುಳಿಗಳು ಗೆದ್ದಲು, ಬೆಂಕಿಗಳಿಗೆ ಸಿಕ್ಕಿ ಒಂದೊಂದಾಗಿ ನಾಶವಾಗಿದ್ದರೆ ಉಳಿದವು ಅಲ್ಲಲ್ಲಿ ಚದುರಿರಬೇಕಿತ್ತು. ಆದರೆ ಪ್ಯಾಪಿರಸ್ ಸುರುಳಿಗಳಿಂದ ಹೊಲಿದ ಚರ್ಮಪತ್ರದ ಪುಸ್ತಕಗಳಿಗೆ ನಕಲಾಗುವಾಗ ಈ ಬೃಹದ್ಗ್ರಂಥವನ್ನು ಹತ್ತು ಹತ್ತು ಭಾಗಗಳ ಕಟ್ಟುಗಳಾಗಿ ವಿಂಗಡಿಸಿದ್ದರು. ಮರುನಕಲು ಕಾಣದ ಕಟ್ಟು ಇಡಿಯಾಗಿಯೇ ಮಾಯವಾಯಿತು. ಸಂಕ್ಷೇಪಗಳು ಕೈಗೆ ಸುಲಭವಾಗಿ ಸಿಗುತ್ತಿದ್ದಾಗ, ಇಷ್ಟು ದೊಡ್ಡ ಕೃತಿಯನ್ನು ಮತ್ತೆ ಮತ್ತೆ ಕೈಬರಹದಲ್ಲಿ ಇಳಿಸುವ ಶ್ರಮಕ್ಕೆ ಮುಂದಾಗುವವರು ಕಡಿಮೆಯೇ. ನನ್ನ ಮಟ್ಟಿಗೆ ಲಿವಿಯ ಕೃತಿಗೆ ಅದರ ಗಾತ್ರವೇ ಶತ್ರುವಾಯಿತು.

41ರಿಂದ 45ರವರೆಗಿನ ಭಾಗಗಳು ನಮ್ಮ ಕೈಸೇರಿದ್ದು ಒಂದೇ ಒಂದು ಹಸ್ತಪ್ರತಿಯಿಂದ. ಐದನೆಯ ಶತಮಾನದ ಆ ಪ್ರತಿ, ಅಲ್ಲಲ್ಲಿ ಹಾಳೆ ಕಳೆದುಕೊಂಡ ಸ್ಥಿತಿಯಲ್ಲಿ, 1527ರಲ್ಲಿ ಜರ್ಮನಿಯ ಲಾರ್ಶ್ ಮಠದಲ್ಲಿ ಸೈಮನ್ ಗ್ರೈನಿಯಸ್ ಎಂಬ ವಿದ್ವಾಂಸನಿಗೆ ದೊರಕಿತು. ಈಗ ಅದು ವಿಯೆನ್ನಾದಲ್ಲಿದೆ. ಅದರ ಬೆಲೆ ಎಷ್ಟೆಂಬುದಕ್ಕೆ 44ನೆಯ ಭಾಗದ ಒಂದು ಪ್ರಸಂಗ ಸಾಕು. ಮ್ಯಾಸಿಡೋನಿಯದ ಪಿಡ್ನಾ ಯುದ್ಧದ ಹಿಂದಿನ ರಾತ್ರಿ ಚಂದ್ರಗ್ರಹಣವಾಗಲಿದೆ, ಅದನ್ನು ಅಪಶಕುನವೆಂದು ಹೆದರಬೇಡಿ ಎಂದು ಸುಲ್ಪಿಸಿಯಸ್ ಗ್ಯಾಲಸ್ ಎಂಬ ರೋಮನ್ ಅಧಿಕಾರಿ ತನ್ನ ಸೈನಿಕರಿಗೆ ಮೊದಲೇ ತಿಳಿಹೇಳಿದನೆಂದು ಲಿವಿ ಬರೆಯುತ್ತಾನೆ. ಅದು ಸೆಪ್ಟೆಂಬರ್ 4ರ ಹಿಂದಿನ ರಾತ್ರಿ ಎಂದೂ ಹೇಳುತ್ತಾನೆ. ಖಗೋಳ ಲೆಕ್ಕಾಚಾರದ ಪ್ರಕಾರ ಆ ಗ್ರಹಣ ನಡೆದದ್ದು ಕ್ರಿ.ಪೂ. 168ರ ಜೂನ್ 21ರಂದು. ಅಂದರೆ ರೋಮನ್ನರ ಪಂಚಾಂಗ ಆಗ ಋತುಗಳಿಗಿಂತ ಸುಮಾರು ಎರಡೂವರೆ ತಿಂಗಳು ಮುಂದೋಡಿತ್ತು. ಗ್ರಂಥಭಂಡಾರದ ಕಪಾಟಿನಲ್ಲಿ ಉಳಿದ ಒಂದು ವಾಕ್ಯ ಆಕಾಶದ ಗಡಿಯಾರಕ್ಕೆ ತಾಳೆಯಾಗುವುದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಕಳೆದುಹೋದ ಭಾಗಗಳಲ್ಲೇ ಸೀಸರನ ಅಂತರ್ಯುದ್ಧವೂ ಅಗಸ್ಟಸ್‌ನ ಆಳ್ವಿಕೆಯೂ, ಅಂದರೆ ಲಿವಿ ಸ್ವತಃ ಬಾಳಿದ ಕಾಲವೂ ಇತ್ತು ಎಂಬುದು ದೊಡ್ಡ ನೋವು. ಚರ್ಮಪತ್ರ ದುಬಾರಿಯಾದ್ದರಿಂದ ಹಳೆಯ ಶಾಯಿಯನ್ನು ತೊಳೆದು, ಕೆರೆದು, ಅದರ ಮೇಲೆ ಬೇರೆ ಪಠ್ಯ ಬರೆಯುವ ರೂಢಿ ಇತ್ತು. ಹಾಗೆ ಬೈಬಲ್‌ನ ಹಳೆಯ ಒಡಂಬಡಿಕೆಯ ಭಾಗಗಳನ್ನು ಬರೆದಿದ್ದ ಹಾಳೆಗಳ ತಳದಲ್ಲಿ, 1772ರಲ್ಲಿ, ವ್ಯಾಟಿಕನ್ ಗ್ರಂಥಾಲಯದಲ್ಲಿ, ಬ್ರೂನ್ಸ್ ಎಂಬ ಜರ್ಮನ್ ವಿದ್ವಾಂಸನಿಗೆ 91ನೆಯ ಭಾಗದ ಒಂದು ತುಣುಕು ಕಾಣಿಸಿತು. ಸ್ಪೇನಿನಲ್ಲಿ ರೋಮ್ ವಿರುದ್ಧ ಸೆಣಸಿದ ಸೆರ್ಟೋರಿಯಸ್ ಅದರಲ್ಲಿ ತನ್ನ ಸೈನಿಕರಿಂದ ಸವೆದು ಕೆಲಸಕ್ಕೆ ಬಾರದಾದ ಆಯುಧಗಳನ್ನು ಹಿಂದಕ್ಕೆ ಪಡೆದು, ಹೊಸದಾಗಿ ಮಾಡಿಸಿದ ಆಯುಧಗಳನ್ನು ಹಂಚುತ್ತಿದ್ದಾನೆ.